ಸಂತೆಯಲ್ಲಿ ಕೂಗಿದ ಮಗಳು

ಬೈಲಹೊಂಗಲದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಿಜಗುಣಪ್ಪನವರಿಗೆ ಮಗಳು ಉಮಾಶ್ರೀ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದುತ್ತಾಳೆಂದು ಭಾರೀ ಹೆಮ್ಮೆ. ಆದರೆ ಕಾಲೇಜಿನವರು ವಿದ್ಯಾರ್ಥಿಗಳನ್ನು ಹಳ್ಳಿಯ ಮಹಿಳಾ ಸಂಘಗಳಿಗೆ ಸೇವೆಗೆ ಕಳಿಸುತ್ತಾರೆ ಎಂದು ಅವಳು ಹೇಳಿದಾಗ ಮುಖ ಗಂಟಿಕ್ಕಿದರು.

"ಕಲಿಯಾಕ ಕಳಿಸೇನಿ, ಪುಕ್ಕಟೆ ದುಡಿಯಾಕಲ್ಲ. ಮಂದಿ ಏನಂತಾರ?"

"ಇದೂ ಕಲಿಯೋದ ಅಪ್ಪಾ," ಎಂದ ಉಮಾಶ್ರೀ ಸಿರಸಂಗಿಗೆ ಹೋಗತೊಡಗಿದಳು. ಅಲ್ಲಿ ಹಮೀದಾಬಿಯ ಸಂಘದವರು ಶೇಂಗಾ ಚಟ್ನಿ ಮಾಡುತ್ತಿದ್ದರು. ರುಚಿ ಚೊಲೋ ಇತ್ತು, ಮಾರಾಟ ಇರಲಿಲ್ಲ.

ಒಂದು ದಿನ ನಿಜಗುಣಪ್ಪನವರು ಸಂಗಪ್ಪನವರ ಜೊತೆ ಯರಗಟ್ಟಿ ಸಂತೆಗೆ ಹೋದರು. ಸಂಗಪ್ಪನವರ ಮಗನಿಗೆ ಉಮಾಶ್ರೀಯನ್ನು ಕೊಡುವ ಮಾತು ಆಗಷ್ಟೇ ಶುರುವಾಗಿತ್ತು.

"ಬರ್ರಿ ಅಕ್ಕಾರ, ಸಿರಸಂಗಿ ಚಟ್ನಿ! ರುಚಿ ನೋಡಿ ತಗೋರಿ!"

ಹಮೀದಾಬಿಯ ಪಕ್ಕ ನಿಂತು ಉಮಾಶ್ರೀ ಕೂಗುತ್ತಿದ್ದಳು.

"ಅಕಿ ನಿಮ್ಮ ಮಗಳಲ್ಲೇನ್ರಿ?" ಸಂಗಪ್ಪನವರು ಕೇಳಿದರು.

"ಛೇ, ನಮ್ಮಕಿ ಅಲ್ರಿ. ನಮ್ಮಕಿ ಕಾಲೇಜಿನ್ಯಾಗ ಅದಾಳ."

ಉಮಾಶ್ರೀಯ ದನಿ ಅಲ್ಲಿಗೇ ನಿಂತಿತು. ತಲೆ ತಗ್ಗಿಸಿ ಪಾಕೀಟು ಜೋಡಿಸತೊಡಗಿದಳು. ಹಮೀದಾಬಿ ಅಪ್ಪ-ಮಗಳಿಬ್ಬರನ್ನೂ ಒಮ್ಮೆ ನೋಡಿ, ತಾನೇ ಕೂಗಲು ನಿಂತಳು.

ಸಂಜೆ ಉಮಾಶ್ರೀ ಏನೂ ಆಗದವಳಂತೆ ಅಪ್ಪನಿಗೆ ಊಟಕ್ಕೆ ಬಡಿಸಿದಳು. ನಿಜಗುಣಪ್ಪನವರಿಗೆ ಹಳೆಯದು ನೆನಪಾಯಿತು. ಹರೆಯದಲ್ಲಿ ಅವರೂ ಸೈಕಲ್ ಮೇಲೆ ಬಟ್ಟೆಗಂಟು ಹೇರಿಕೊಂಡು ರಾಮದುರ್ಗದ ಓಣಿಗಳಲ್ಲಿ ಕೂಗಿ ಮಾರಿದವರೇ.

"ಉಮಾ, ನಾ ಅಂದದ್ದು ಕೇಳಿತೇನವಾ?"

"ಕೇಳಿತು ಅಪ್ಪಾ." ತಾಟಿಗೆ ರೊಟ್ಟಿ ಹಾಕುತ್ತ ಹೇಳಿದಳು. "ಮೊದಲ ನನಗೂ ನಾಚಿಕಿ ಆಗಿತ್ತು. ಗಿರಾಕಿ ಬಗ್ಗೆ ಪರೀಕ್ಷಾದಾಗ ಹಾಳಿ ತುಂಬ ಬರದಿದ್ದೆ. ಗಿರಾಕಿ ಎದುರಿಗೆ ಬಂದ್ರ ಮಾತೇ ಬರಲಿಲ್ಲ. ಮಾತಾಡಿಸಿದ ಮ್ಯಾಲೆ ತಿಳೀತು, ದೊಡ್ಡ ಪಾಕೀಟು ಒಡದಿಟ್ರ ಚಟ್ನಿ ಕಮಟು ಆಗತೈತಿ, ಅದಕ್ಕ ಯಾರೂ ಒಯ್ಯವಲ್ರು ಅಂತ. ಸಂಘದವರು, ನಾನು ಕೂಡಿ ಸಣ್ಣ ಪಾಕೀಟು ಮಾಡಿದ್ವಿ. ಈಗ ಮಾಡಿದ್ದೆಲ್ಲಾ ಮಾರಾಟ ಆಗತೈತಿ. ಇವತ್ತ ನೀ ಬರೋದು ಕಂಡೇ ಜೋರಲೆ ಕೂಗಿದ್ದೆ ಅಪ್ಪಾ."



ಮರುದಿನ ನಿಜಗುಣಪ್ಪನವರು ಸಂಗಪ್ಪನವರ ಮನೆಗೆ ಹೋದರು. "ನಿನ್ನೆ ಸುಳ್ಳ ಹೇಳಿದೆರಿ. ಅಕಿ ನನ್ನ ಮಗಳು."

"ನನಗ ಗೊತ್ತಿತ್ರಿ," ಎಂದರು ಸಂಗಪ್ಪನವರು. "ಹುಡುಗಿ ನೋಡಿ ನನಗ ಸಂತೋಷ ಆಗಿತ್ತು. ನಿಮ್ಮ ಮಾತು ಕೇಳಿ ಕೆಟ್ಟ ಅನಿಸ್ತು."

ಆ ಮಾತು ಎದೆಗೆ ನಾಟಿತು. ಮುಂದಿನ ಸಂತೆಯಲ್ಲಿ ನಿಜಗುಣಪ್ಪನವರು ಚಟ್ನಿಯ ಬುಟ್ಟಿ ಗಾಡಿಯಿಂದ ತಾವೇ ಇಳಿಸಿದರು. ಮಗಳ ಮುಖ ನೋಡುವ ಧೈರ್ಯ ಇನ್ನೂ ಬಂದಿರಲಿಲ್ಲ. ಉಮಾಶ್ರೀಯೇ ಹತ್ತಿರ ಬಂದು, "ಅಪ್ಪಾ, ಬಿಸಲಾಗ ನಿಂದರಬ್ಯಾಡ, ಈ ಕಡೆ ಬಾ," ಎಂದಳು.

ತಂದೆ ತಾಯಂದಿರೇ, ನಿಮ್ಮ ಮಕ್ಕಳು ಕಾಲೇಜಿನಿಂದ ಇಂಥ ಸೇವೆಗೆ ಹೊರಟರೆ ತಡೆಯಬೇಡಿ. ಒಮ್ಮೆ ಅವರು ಕೆಲಸ ಮಾಡುವ ಜಾಗಕ್ಕೇ ಹೋಗಿ ನೋಡಿ. ಸಂಘದ ಅಕ್ಕಂದಿರೇ, ವಿದ್ಯಾರ್ಥಿಗಳು ಬಂದರೆ ಕೂಡಿಸಿಕೊಂಡು ನಿಮ್ಮ ತೊಂದರೆ ಹೇಳಿ. ದುಡಿಯುವ ಮಕ್ಕಳನ್ನು ನಾಲ್ಕು ಮಂದಿಯ ಎದುರು ನಮ್ಮವರೆನ್ನಲು ಯಾರೂ ಹಿಂಜರಿಯಬಾರದು.