ಹಲ್ಲುನೋವಿನ ಮುಖ

"ನಿಮ್ಮ ಸಿನಿಮಾದ ನಾಯಕಿ ನಿಮ್ಮ ಜನದ ಥರ ಕಾಣೋದೇ ಇಲ್ವಲ್ಲಮ್ಮ," ಎಂದರು ಚಿತ್ರನಿಧಿ ಕಚೇರಿಯ ಅಧಿಕಾರಿ.

ನಿರ್ದೇಶಕಿ ಪಕ್ಕಕ್ಕೆ ತಿರುಗಿದಳು. ನಾಯಕಿ ಅಲ್ಲೇ ಕೂತಿದ್ದಳು. ನಿರ್ದೇಶಕಿಯ ಸ್ವಂತ ಚಿಕ್ಕಮ್ಮ, ಕತ್ತಿಗೆ ಅಳತೆ ಟೇಪು ನೇತುಹಾಕಿಕೊಂಡೇ ಬಂದಿದ್ದ ದರ್ಜಿ. ಇವರ ಭಾಷೆ ಆಡುವವರು ಎಲ್ಲ ಸೇರಿ ಮುನ್ನೂರ ಹನ್ನೆರಡು ಮಂದಿ. ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಬಟ್ಟೆ ಹೊಲಿದವಳು ಈಕೆ. ಸಿನಿಮಾವೂ ಅಂಥದ್ದೇ: ಎಲ್ಲರ ಅಳತೆ ತೆಗೆಯುತ್ತ ತೆಗೆಯುತ್ತ ಅವರ ಗುಟ್ಟನ್ನೂ ಹೊರಗೆ ತೆಗೆಯುವ ದರ್ಜಿಯೊಬ್ಬಳ ನಗೆಯ ಕಥೆ. ಆ ಭಾಷೆಯಲ್ಲಿ ಇದೇ ಮೊದಲನೆಯದು. ಹಂಚಿಕೆದಾರರೆಲ್ಲ "ನೋಡೋರು ಯಾರು?" ಅಂತ ಕೈತೊಳೆದುಕೊಂಡಿದ್ದರು. ಉಳಿದದ್ದು ನಿಧಿಯದೇ ಒಂದು ಚಿತ್ರಮಂದಿರ. ಈ ಅಧಿಕಾರಿ ಮುದ್ರೆ ಒತ್ತಿದರೆ ಅಲ್ಲಿ ಆಟ ಉಂಟು. ಇಲ್ಲದಿದ್ದರೆ ಮೂರು ವರ್ಷದ ದುಡಿಮೆ ಪೆಟ್ಟಿಗೆಯಲ್ಲೇ ಕೊಳೆಯಬೇಕು.

"ನಿಯಮ ಏಳು," ಅಧಿಕಾರಿ ಓದಿದರು. "ನಾಯಕಿಯು ಸದರಿ ಸಮುದಾಯದವಳಂತೆ ಕಾಣತಕ್ಕದ್ದು. ಮಾದರಿಗೆ ಗೋಡೆಯ ಮೇಲಿನ ಚಿತ್ರ ನೋಡುವುದು."

ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ದೊಡ್ಡ ಫೋಟೋ. ಕಿಟಕಿಯ ಬಳಿ ಒಬ್ಬ ಹೆಂಗಸು ಕೆನ್ನೆಗೆ ಕೈಕೊಟ್ಟು, ಲೋಕದ ದುಃಖವನ್ನೆಲ್ಲ ತಾನೊಬ್ಬಳೇ ಗುತ್ತಿಗೆ ಹಿಡಿದವಳಂತೆ ಕೂತಿದ್ದಳು. ಕೆಳಗೆ 'ಅಲ್ಪಸಂಖ್ಯಾತರ ಅಳಲು' ಎಂದು ಬರೆದಿತ್ತು.

ಚಿಕ್ಕಮ್ಮ ಕನ್ನಡಕ ಏರಿಸಿದಳು. "ಅಯ್ಯೋ, ಇದು ನಾನೇ ಕಣೇ. ಹಲ್ಲುನೋವು ಅಂತ ಡಾಕ್ಟರ್ ಹತ್ರ ಸರದಿ ಕಾಯ್ತಿದ್ದೆ, ಯಾವನೋ ಬಂದು ತೆಗೆದ. ನಿಮಗೂ ಒಂದು ಕಾಪಿ ಕೊಡ್ತೀನಿ ಅಂದಿದ್ದ. ಹನ್ನೊಂದು ವರ್ಷ ಆಯ್ತು, ಪತ್ತೆ ಇಲ್ಲ."

ಅಧಿಕಾರಿ ಫೋಟೋ ನೋಡಿದರು, ಚಿಕ್ಕಮ್ಮನನ್ನು ನೋಡಿದರು. "ಹೋಲಿಕೆ ಇಲ್ಲ."

"ಹಲ್ಲು ಕೀಳಿಸಿಬಿಟ್ಟೆನಲ್ಲ ಸ್ವಾಮಿ."

"ಕೀಳಿಸೋ ಮೊದಲು ಒಂದು ಮಾತು ಕೇಳಬಾರದಾ? ಹೋಗಲಿ, ಒಂದ್ಸಲ ಆ ಮುಖ ಮಾಡಿ ನೋಡೋಣ."

ಚಿಕ್ಕಮ್ಮ ಕೆನ್ನೆಗೆ ಕೈಕೊಟ್ಟು ದುಃಖ ತಂದುಕೊಳ್ಳಲು ಹೆಣಗಿದಳು. ಬಂದದ್ದು ನಗು. ಮೂಲೆಯಲ್ಲಿದ್ದ ಟೈಪಿಸ್ಟಮ್ಮನೂ ಕಿಸಕ್ಕೆಂದಳು.

"ಸಿನಿಮಾದ ಮೊದಲಲ್ಲಿ ಹತ್ತು ನಿಮಿಷ ಹಲ್ಲುನೋವು ಸೇರಿಸಿಬಿಡಿ," ಎಂದರು ಅಧಿಕಾರಿ, ನಿಜಕ್ಕೂ ಉಪಕಾರ ಮಾಡುವವರ ದನಿಯಲ್ಲಿ. "ಮುದ್ರೆ ಒತ್ತಿಬಿಡ್ತೀನಿ. ಪ್ರಶಸ್ತಿಗೂ ಕಳಿಸೋಣ."

ಹತ್ತೇ ನಿಮಿಷ. ನಿರ್ದೇಶಕಿಯ ಮನಸ್ಸು ಒಂದು ಗಳಿಗೆ ಆ ಕಡೆ ವಾಲಿತು. ಮತ್ತೆ ಫೋಟೋ ನೋಡಿದಳು. ತನ್ನನ್ನು ಎತ್ತಿ ಆಡಿಸಿದ ಚಿಕ್ಕಮ್ಮ ಹೀಗೆ ಕೂತದ್ದನ್ನು ಮನೆಯಲ್ಲಿ ಅವಳು ಒಂದು ದಿನವೂ ಕಂಡಿರಲಿಲ್ಲ.

"ಸಾರ್, ಗೋಡೆ ಮೇಲೆ ಚಿತ್ರಾನೇ ಇಲ್ಲದಿದ್ರೆ?"

ಅಧಿಕಾರಿ ಪುಟ ತಿರುವಿದರು. "ಗೋಡೆ ಖಾಲಿಯಿದ್ದ ಪಕ್ಷದಲ್ಲಿ... ಹೋಲಿಕೆ ಇದೆಯೆಂದೇ ಭಾವಿಸತಕ್ಕದ್ದು."

"ಚಿಕ್ಕಮ್ಮಾ, ನಿನ್ನ ಕಾಪಿ ಇಳಿಸ್ಕೋ."

ಹೇಳುವುದೇ ತಡ, ಚಿಕ್ಕಮ್ಮ ಕುರ್ಚಿ ಹತ್ತಿದಳು.

"ರೀ, ಅದು ಕಚೇರಿ ಸ್ವತ್ತು," ಎಂದು ಅಧಿಕಾರಿ ಎದ್ದರು.

"ಇದು ನಾನೇ ಅನ್ನೋದಾದ್ರೆ ಈಗಲೇ ಮುದ್ರೆ ಒತ್ತಿ, ಮುಟ್ಟಲ್ಲ. ನಾನಲ್ಲ ಅನ್ನೋದಾದ್ರೆ ಯಾರದು ಅಂತ ಹೇಳಿ, ಅವರಿಗೇ ಕೊಟ್ಟು ಬರ್ತೀನಿ."

ಅಧಿಕಾರಿ ನಿಯಮದ ಪುಸ್ತಕವನ್ನು ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ತಿರುವಿ ನೋಡಿದರು. ಇದಕ್ಕೆ ನಿಯಮ ಸಿಗಲಿಲ್ಲ. ಅಷ್ಟರಲ್ಲಿ ಫೋಟೋ ಚಿಕ್ಕಮ್ಮನ ಕಂಕುಳಿಗೆ ಬಂದಾಗಿತ್ತು. ಗೋಡೆಯಲ್ಲಿ ಉಳಿದ ಬಿಳಿ ಚೌಕದ ನಟ್ಟನಡುವೆ ದಪ್ಪನೆಯದೊಂದು ಹಲ್ಲಿ. ಅಧಿಕಾರಿ ಅದನ್ನು ನೋಡಿದರು, ಚಿಕ್ಕಮ್ಮನನ್ನು ನೋಡಿದರು, ಮತ್ತೆ ಅದನ್ನು ನೋಡಿದರು.

"ಸಾರ್, ಅದು ಹಲ್ಲಿ," ಎಂದಳು ಟೈಪಿಸ್ಟಮ್ಮ.

"ಹಲ್ಲು ಹೋಗಿ ಹಲ್ಲಿ ಬಂತು," ಎಂದಳು ಚಿಕ್ಕಮ್ಮ. "ಅದರ ಥರಾನೂ ಕಾಣಬೇಕಾ ನಾನು?"

"ಗೋಡೆ ಖಾಲಿ ಅಂತ ಬರೀಬೇಕಲ್ಲಮ್ಮ," ಅಧಿಕಾರಿ ಮೆಲ್ಲಗೆ ಹೇಳಿದರು. "ಹಲ್ಲಿ ಅಲ್ಲಿಂದ ಹೋಗಲಿ. ಅಲ್ಲೀತನಕ ಕೂತ್ಕೊಳ್ಳಿ."

ನಾಲ್ವರೂ ಕುರ್ಚಿ ತಿರುಗಿಸಿಕೊಂಡು, ಆಟ ಶುರುವಾಗಲಿ ಎಂದು ಕಾಯುವವರಂತೆ, ಆ ಬಿಳಿ ಚೌಕವನ್ನೇ ನೋಡುತ್ತ ಕೂತರು. ಎಷ್ಟೋ ಹೊತ್ತಿನ ಮೇಲೆ ಹಲ್ಲಿ ಸರಸರನೆ ಟ್ಯೂಬ್‌ಲೈಟಿನ ಹಿಂದೆ ಮರೆಯಾಯಿತು. ಅಧಿಕಾರಿ ಒಣಗಿದ ಮುದ್ರೆಗೆ ಎರಡು ಸಲ ಬಾಯಿಹಬೆ ಊದಿ, ಒತ್ತಿದರು.