ಬಿಳಿ ಕೇಬಲ್, ಕರಿ ಕೇಬಲ್

ಓರಗಿತ್ತಿಯ ಕೋಣೆಗೆ ಹೋದ ಇಂಟರ್ನೆಟ್ ಕೇಬಲ್ ಬಿಳಿಯದು, ಚಪ್ಪಟೆ. ಗೋಡೆಯಂಚಿಗೆ ಅಂಟಿಕೊಂಡು ಇದೆಯೋ ಇಲ್ಲವೋ ಎಂಬಂತಿತ್ತು. ಇವಳ ಕೋಣೆಗೆ ಬಂದದ್ದು ಕರಿಯದು, ಪೆನ್ಸಿಲ್ ದಪ್ಪದ್ದು. ಬಾಗಿಲ ಚೌಕಟ್ಟಿನ ಮೇಲೆ ಬಟ್ಟೆ ಒಣಹಾಕುವ ಹಗ್ಗದಂತೆ ಜೋತಿತ್ತು. ಎರಡನ್ನೂ ತಂದವನು ಇವಳ ಗಂಡನೇ. ಚುಚ್ಚುತ್ತಿದ್ದದ್ದು ಅದೇ.

ಓರಗಿತ್ತಿ ಮನೆಯಿಂದಲೇ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದಳು. ಇವಳು ಪುಸ್ತಕಗಳ ಕರಡು ತಿದ್ದುತ್ತಿದ್ದಳು. ಇಂಟರ್ನೆಟ್ ಇಬ್ಬರಿಗೂ ಬೇಕು. ಆದರೂ ಅಂದವಾದದ್ದು ಅತ್ತಿಗೆಗೆ, ಎಂಥದೋ ಒಂದು ಹೆಂಡತಿಗೆ.

“ನಿನ್ನದು ಒಳ್ಳೇ ಹಾವಿನ ಹಾಗಿದೆ ಕಣೇ,” ಎಂದು ಓರಗಿತ್ತಿ ನಕ್ಕಳು. “ಕೋಣೆಗೆ ಕಾವಲೂ ಆಯ್ತು ಬಿಡು.”

“ನಿಮ್ಮ ಮೈದುನನ ಆಯ್ಕೆ ಅಕ್ಕಾ,” ಎಂದಳು ಇವಳು.

ಕೇಬಲ್ ಎಳೆದವನು ಕತ್ತರಿಸಿ ಬಿಟ್ಟುಹೋದ, ಎರಡೂ ಬಣ್ಣದ ಗೇಣುದ್ದದ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಮರುದಿನ ಕಂಪ್ಯೂಟರ್ ಅಂಗಡಿಯೊಂದಕ್ಕೆ ಹೋದಳು. ಬಿಳಿಯದೇ ಮೇಲು ಎಂದು ತಿಳಿದವರೊಬ್ಬರು ಹೇಳಿಬಿಟ್ಟರೆ, ಗಂಡನ ಮುಂದೆ ಬಾಯಿ ತೆರೆಯಲು ಒಂದು ಆಧಾರವಾದರೂ ಸಿಗುತ್ತದೆ.

ಅಂಗಡಿಯವನು ಸಿಪ್ಪೆ ಸುಲಿದು ಒಳಗಿನ ತಂತಿಯನ್ನು ಬ್ಲೇಡಿನಿಂದ ಕೆರೆದ. ಬಿಳಿಯದರ ತಂತಿಯ ಮೇಲಿನ ಕೆಂಪು ಉದುರಿ ಒಳಗೆ ಬೆಳ್ಳಗೆ ಕಂಡಿತು.

“ಅಲ್ಯೂಮಿನಿಯಂ ಮೇಡಂ. ತಾಮ್ರ ಬರೀ ಮೇಕಪ್ಪು.” ಕರಿಯದನ್ನು ಎಷ್ಟು ಕೆರೆದರೂ ಕೆಂಪೇ. “ಇದು ಅಪ್ಪಟ ತಾಮ್ರ. ವರ್ಷಗಟ್ಟಲೆ ಬರುತ್ತೆ. ಆರಿಸಿದವರಿಗೆ ತಿಳಿವಳಿಕೆ ಇದೆ.”

ದಾರಿಯುದ್ದಕ್ಕೂ ಇವಳ ಕಾಲು ನೆಲದ ಮೇಲಿರಲಿಲ್ಲ. ಗಂಡ ಮಾತು ಕಡಿಮೆಯ ಮನುಷ್ಯ. ಬಾಯಿಬಿಟ್ಟು ಹೇಳದೆ ಒಳ್ಳೆಯದನ್ನು ಹೆಂಡತಿಗೇ ಇಟ್ಟಿದ್ದಾನೆ. ಓರಗಿತ್ತಿಯ ಮೇಲೆ ತುಸು ಕನಿಕರವೂ ಹುಟ್ಟಿತು.

ಸಂಜೆ ಗಂಡ ಬೂಟು ಬಿಚ್ಚುತ್ತಿದ್ದ.

“ಕರೀದು ನನಗೇ ಅಂತ ಆರಿಸಿದ್ರಾ?”

“ಅಂಗಡೀಲಿ ಎರಡೇ ಇದ್ದವು. ಅತ್ತಿಗೆಗೆ ಫೋನ್ ಮಾಡಿ ಯಾವುದು ಬೇಕು ಅಂತ ಕೇಳಿದೆ. ಬಿಳೀದು ಅಂದ್ರು. ಉಳಿದದ್ದು ನಿನಗೆ ತಂದೆ.” ಅವನು ತಲೆಯೆತ್ತಿದ. “ಯಾಕೆ, ನೆಟ್ ಸರಿಯಾಗಿ ಬರ್ತಿಲ್ವಾ?”

“ಬರ್ತಿದೆ.”

“ಮತ್ತೆ?”

“ನನಗೆ ಯಾಕೆ ಫೋನ್ ಮಾಡ್ಲಿಲ್ಲ?”

“ನಿನಗಾ?” ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ನಿನಗೆ ಯಾವುದಾದ್ರೂ ನಡೆಯುತ್ತಲ್ಲ.”

ಹೊಗಳುವ ದನಿಯಲ್ಲಿಯೇ ಹೇಳಿ, ಅವನು ಎರಡನೆಯ ಬೂಟಿಗೆ ಕೈಹಾಕಿದ.