ಕೆಂಪು ನೀರಿಗೆ ಬಾಗಿನ

ಸೂಳೆಕೆರೆಗೆ ಸೇರುವ ನಮ್ಮ ಹಳ್ಳದಲ್ಲಿ ಮಳೆಗಾಲದ ಹೊಸ ನೀರು ಕೆಂಪಗೆ ಬರುತ್ತದೆ. ಬಂದ ದಿನ ಬಾಗಿನ ಬಿಟ್ಟು, ಒಂದು ಬೊಗಸೆ ನೀರನ್ನು ತೀರ್ಥವೆಂದು ಕುಡಿಯುವುದು ಊರಿನ ಪದ್ಧತಿ. ಆ ನೀರಿಗೆ ಎದುರಾಗಿ ಮೀನುಗಳು ಹಳ್ಳ ಹತ್ತಿ ಹೋಗಿ ಮೊಟ್ಟೆಯಿಡುತ್ತವೆ.

ಈ ವರ್ಷ ಶ್ರಾವಣ ಕಳೆದರೂ ಮಳೆರಾಯನ ಪತ್ತೆಯಿಲ್ಲ. ಹಳ್ಳ ಬತ್ತಿ ಒಂದೇ ಒಂದು ಮಡು ಉಳಿದಿತ್ತು, ಅದರ ನೀರೂ ಬಿಸಿಲಿಗೆ ಉಗುರುಬೆಚ್ಚಗಾಗಿತ್ತು. ಮೀನು ಹಿಡಿದು ಬದುಕುವ ದುರುಗಕ್ಕ ಆ ಮಡುವಿಗೆ ಬಲೆ ಹಾಕಲಿಲ್ಲ. ಉಳಿದಿರುವುದೆಲ್ಲ ಬಸುರಿ ಮೀನು, ಅವು ಸತ್ತರೆ ಮುಂದಿನ ವರ್ಷ ತನ್ನ ಒಲೆ ಉರಿಯುವುದಿಲ್ಲ ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಮಡು ಕೆಂಪಾಯಿತು. ಒಂದು ಹನಿಯೂ ಬಿದ್ದಿಲ್ಲವಲ್ಲ ಎಂದವರಿಗೆ, ಮೇಲೆಲ್ಲೋ ಸುರಿದಿರಬೇಕು ಎಂದು ಉಳಿದವರು ಬುದ್ಧಿ ಹೇಳಿದರು. ಮೀನುಗಳು ಬಾಯಿ ತೆರೆದು ಮೇಲೆ ಬಂದಾಗ, ಹತ್ತಲು ಹೊರಟಿವೆ ಎಂದು ಕೈಮುಗಿದರು. ನಮ್ಮ ಜನಕ್ಕೆ ಭಕ್ತಿ ಉಕ್ಕಿದರೆ ಮೂಗು ಕೆಲಸ ಮಾಡುವುದಿಲ್ಲ.

ಪೂಜೆಗೆ ಮುಂದಾಳು ಅಡಿಕೆ ಸಾಹುಕಾರ ಮುರುಗೇಶಪ್ಪ. ಅಡಿಕೆ ಬೇಯಿಸಿ ಉಳಿದ ಕೆಂಪು ಚೊಗರು ನೀರನ್ನು ಹಿಂದಿನ ಸಂಜೆ ಹಳ್ಳಕ್ಕೆ ಬಿಡಿಸಿದ್ದವರೂ ಅವರೇ. ವರ್ಷವೂ ಬಿಡಿಸುತ್ತಿದ್ದರು, ಹರಿಯುವ ನೀರು ಸದ್ದಿಲ್ಲದೆ ಒಯ್ಯುತ್ತಿತ್ತು.

ಬಾಗಿನ ಬಿಟ್ಟು ಸಾಹುಕಾರರು ಬೊಗಸೆ ಎತ್ತಿದರು. ಹುಟ್ಟಿದಾಗಿನಿಂದ ಬಲ್ಲ ವಾಸನೆ ಮೂಗಿಗೆ ಬಡಿಯಿತು. ಬೊಗಸೆ ಬಾಯಿಯ ಹತ್ತಿರವೇ ನಿಂತಿತು.

"ಕುಡೀರಿ ಸಾವ್ಕಾರ್ರೆ," ಎಂದಳು ದುರುಗಕ್ಕ. "ನನ್ ಮೀನು ಬೆಳಗಿಂದ ಅದನ್ನೇ ಕುಡಿತಾ ಅದಾವೆ."

ಊರೆಲ್ಲ ನೋಡುತ್ತಿತ್ತು. "ಗಂಗಮ್ಮ ಇರಾದು ಶಿವನ ತಲೆ ಮ್ಯಾಲೆ, ಬಾಯಾಗಲ್ಲ," ಎಂದು ಸಾಹುಕಾರರು ಅದನ್ನು ನೆತ್ತಿಗೆ ಸುರಿದುಕೊಂಡರು. ಎಂಥ ಶಾಸ್ತ್ರಜ್ಞಾನ ಎಂದು ಜನರೂ ನೆತ್ತಿಗೆ ಹಾಕಿಕೊಂಡರು. ಸಾಹುಕಾರರ ಬಿಳಿ ಅಂಗಿಗೆ ಅಂಟಿದ ಚೊಗರಿನ ಕಲೆ ಎಷ್ಟು ಒಗೆದರೂ ಹೋಗುತ್ತಿಲ್ಲವೆಂದು ಅವರ ಹೆಂಡತಿ ನಿರ್ಮಲಮ್ಮ ಇಂದಿಗೂ ಬೈಯುತ್ತಾರೆ.

ಸಂಜೆಗೆ ಮಡುವಿನ ತುಂಬ ಮೀನು ಹೊಟ್ಟೆ ಮೇಲಾಗಿ ತೇಲಿದವು. ದುರುಗಕ್ಕ ಒಂದನ್ನೆತ್ತಿ ಒತ್ತಿದಳು, ಮೊಟ್ಟೆ ಅಂಗೈಗೆ ಬಂತು. ದಂಡೆಯಲ್ಲೇ ಕೂತು ಅತ್ತಳು.

ಮಳೆ ಬಂದದ್ದು ದೀಪಾವಳಿಯ ಹೊತ್ತಿಗೆ, ಇಡೀ ಮಳೆಗಾಲದ್ದು ಒಂದೇ ದಿನ. ಹಳ್ಳ ಈ ಸಲ ನಿಜವಾಗಿಯೇ ಕೆಂಪಾಗಿ ದಂಡೆ ಮೀರಿತು. ಮುರುಗೇಶಪ್ಪ ಹೊಸ ಅಂಗಿ ತೊಟ್ಟು ಮತ್ತೊಂದು ಬಾಗಿನ ತಂದರು, ಧೈರ್ಯವಾಗಿ ತೀರ್ಥವನ್ನೂ ಕುಡಿದರು. ಕತ್ತಲಾಗುವವರೆಗೂ ದುರುಗಕ್ಕ ನೀರು ನೋಡುತ್ತಾ ನಿಂತಿದ್ದಳು. ಹತ್ತಲು ಒಂದು ಮೀನೂ ಇರಲಿಲ್ಲ.